ಮೊದಲ ರಿಮೋಟ್ ಬಗ್ಗಿ: ವೇಗಕ್ಕಿಂತ ಮೊದಲು ಬಿಡಿಭಾಗ ನೋಡಿ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲೂಕಿನ ಅಡಿಕೆ ಬೆಳೆಗಾರ. ಎಂಟನೇ ತರಗತಿಯಲ್ಲಿರುವ ಮಗನಿಗೆ ಕಳೆದ ವರ್ಷ ಶಿವಮೊಗ್ಗದಿಂದ ಒಂದು ರಿಮೋಟ್ ಕಾರು ತಂದುಕೊಟ್ಟೆ. ಎರಡು ವಾರದಲ್ಲಿ ಮುಂದಿನ ಚಕ್ರ ಕಳಚಿತು. ರಿಪೇರಿ ಮಾಡುವವರು ಯಾರೂ ಸಿಗಲಿಲ್ಲ. ಈ ಸಲ ಗಟ್ಟಿಯಾದ ಬಗ್ಗಿಯನ್ನೇ, ಅಂದರೆ ಮಣ್ಣು ನೆಲದಲ್ಲೂ ಓಡುವ ರಿಮೋಟ್ ಕಾರನ್ನೇ, ಕೊಳ್ಳೋಣ ಎಂದುಕೊಂಡಿದ್ದೇವೆ. ನನಗೂ ಓಡಿಸುವ ಆಸೆ ಇದೆ. ಎಲ್ಲ ಸೇರಿ ಇಪ್ಪತ್ತು ಸಾವಿರ ರೂಪಾಯಿ ತೆಗೆದಿಟ್ಟಿದ್ದೇನೆ. ಗಂಟೆಗೆ 60 ಕಿ.ಮೀ. ಓಡುತ್ತದೆ ಎಂಬ ಜಾಹೀರಾತು ನೋಡಿ ಮಗ ಅದೇ ಬೇಕೆನ್ನುತ್ತಿದ್ದಾನೆ. ಎರಡು ಚಕ್ರ ತಿರುಗುವುದು ಒಳ್ಳೆಯದೋ, ನಾಲ್ಕೂ ತಿರುಗುವುದೋ? ಜೊತೆಗೆ ಬರುವ ರಿಮೋಟ್ ಸಾಕೇ, ಬೇರೆ ಕೊಳ್ಳಬೇಕೇ? ನಮ್ಮ ಮಳೆಗಾಲಕ್ಕೆ ತಡೆಯುತ್ತದೆಯೇ? ಮಗ ಎಡಚ, ಅದರಿಂದ ತೊಂದರೆ ಇದೆಯೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ‘ರಿಪೇರಿ ಮಾಡುವವರು ಯಾರೂ ಸಿಗಲಿಲ್ಲ’ ಎಂಬ ಮಾತಿನ ಮೇಲೆ. ಬಗ್ಗಿಯ ಆಯ್ಕೆ ಅಲ್ಲಿಂದಲೇ ಶುರುವಾಗಬೇಕು. ಎಂಥ ಬಗ್ಗಿ ಕೊಂಡರೂ ಅದು ಮುರಿಯುತ್ತದೆ. ಹೊಸಬರ ಕೈಯಲ್ಲಂತೂ ಮೊದಲ ತಿಂಗಳಲ್ಲೇ ಮುರಿಯುತ್ತದೆ. ಮುರಿದ ಭಾಗ ತೀರ್ಥಹಳ್ಳಿಗೆ ಒಂದು ವಾರದಲ್ಲಿ ಬಂದು ಸೇರುತ್ತದೆಯೇ, ಅದನ್ನು ಮನೆಯಲ್ಲೇ ಹಾಕಿಕೊಳ್ಳಲು ಆಗುತ್ತದೆಯೇ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಆಟಿಕೆ ಅಂಗಡಿಯ ಕಾರಿನಲ್ಲಿ ಚಕ್ರ, ಗೇರು, ಮೋಟಾರು ಎಲ್ಲವೂ ಒಂದೇ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಅಂಟಿಕೊಂಡಿರುತ್ತವೆ. ಬಿಡಿಭಾಗವೆಂದು ಯಾವುದೂ ಮಾರಾಟಕ್ಕಿರುವುದಿಲ್ಲ. ಹವ್ಯಾಸಿಗಳ ಬಗ್ಗಿಯಲ್ಲಿ ಹಾಗಲ್ಲ. ಅದನ್ನು ಕೊನೆಯ ಸ್ಕ್ರೂವರೆಗೂ ಬಿಚ್ಚಬಹುದು, ಪ್ರತಿ ಭಾಗಕ್ಕೂ ಒಂದು ಸಂಖ್ಯೆ ಇರುತ್ತದೆ, ಆ ಸಂಖ್ಯೆ ಕೊಟ್ಟು ಆ ಒಂದು ಭಾಗವನ್ನೇ ತರಿಸಿಕೊಳ್ಳಬಹುದು. ಆದ್ದರಿಂದ ಕಾರಿಗೆ ಹಣ ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಅದೇ ಮಾದರಿಯ ನಾಲ್ಕು ಭಾಗಗಳು ಭಾರತದ ಯಾವುದಾದರೂ ಮಾರಾಟಗಾರರ ಬಳಿ ಈಗಲೇ ದಾಸ್ತಾನಿನಲ್ಲಿವೆಯೇ ಎಂದು ಹುಡುಕಿ ನೋಡಿ: ಮುಂದಿನ ಚಕ್ರವನ್ನು ಕಾರಿನ ಚೌಕಟ್ಟಾದ ಚಾಸಿಗೆ ಜೋಡಿಸುವ ಕೆಳಗಿನ ಸಸ್ಪೆನ್ಷನ್ ಆರ್ಮ್, ಮುಂದಿನ ಚಕ್ರವನ್ನು ಹಿಡಿದಿರುವ ಸ್ಟೀರಿಂಗ್ ನಕಲ್, ಮೋಟಾರಿನ ತುದಿಯ ಸಣ್ಣ ಗೇರಾದ ಪಿನಿಯನ್‌ಗೆ ಕಚ್ಚಿಕೊಳ್ಳುವ ದೊಡ್ಡ ಸ್ಪರ್ ಗೇರು, ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟ್. ನಾಲ್ಕೂ ಸಿಕ್ಕಿದರೆ ಮುಂದುವರಿಯಿರಿ. ಸಿಗದಿದ್ದರೆ ಕಾರು ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ.

ಈ ನಾಲ್ಕನ್ನೇ ಹೇಳಲು ಕಾರಣವಿದೆ. ಬಗ್ಗಿ ಅಡಿಕೆ ಮರಕ್ಕೋ ಅಂಗಳದ ಕಟ್ಟೆಗೋ ಹೊಡೆಯುವುದು ಬಹುಪಾಲು ಮುಂದಿನ ಒಂದು ಚಕ್ರದಿಂದ. ಆ ಪೆಟ್ಟು ನಕಲ್‌ಗೆ, ಅಲ್ಲಿಂದ ಕೆಳಗಿನ ಆರ್ಮ್‌ಗೆ ಹೋಗುತ್ತದೆ. ಆರ್ಮ್ ಮುರಿದರೆ ಬೇಸರ ಬೇಡ, ಚಾಸಿಯನ್ನೂ ಗೇರ್‌ಬಾಕ್ಸನ್ನೂ ಅದು ಉಳಿಸಿದೆ ಎಂದೇ ಅರ್ಥ. ಕೆಲವರು ಒಂದು ಸಲ ಮುರಿದ ಕೂಡಲೇ ಅಲ್ಯೂಮಿನಿಯಂ ಆರ್ಮ್ ತರಿಸಿ ಹಾಕುತ್ತಾರೆ. ಅದು ಮುರಿಯುವುದಿಲ್ಲ ನಿಜ, ಆದರೆ ಬಾಗುತ್ತದೆ, ಪೆಟ್ಟನ್ನು ಒಳಗಿನ ದುಬಾರಿ ಭಾಗಕ್ಕೆ ದಾಟಿಸುತ್ತದೆ. ಕಾರಿನ ಜೊತೆಗೇ ಒಂದು ಜೊತೆ ಪ್ಲಾಸ್ಟಿಕ್ ಆರ್ಮ್ ತರಿಸಿಟ್ಟುಕೊಳ್ಳಿ.

ವಿದೇಶದಿಂದ ನೇರವಾಗಿ ತರಿಸಿದರೆ ಅಗ್ಗವೆಂದು ಯಾರಾದರೂ ಹೇಳಬಹುದು. ಮೊದಲ ಕಾರಿಗೆ ಆ ದಾರಿ ಬೇಡ. ಆಟಿಕೆಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುಣಮಟ್ಟದ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಸುಂಕದ ಕಟ್ಟೆಯಲ್ಲಿ ರಿಮೋಟ್ ಕಾರನ್ನು ಆಟಿಕೆಯೆಂದು ಪರಿಗಣಿಸಿ ತಡೆದರೆ ನೀವು ತೀರ್ಥಹಳ್ಳಿಯಲ್ಲಿ ಕುಳಿತು ಏನೂ ಮಾಡಲಾಗದು. ಅದರಲ್ಲಿ ರೇಡಿಯೋ ಉಪಕರಣವೂ ಇದೆ, ಲಿಥಿಯಂ ಬ್ಯಾಟರಿಯೂ ಇದೆ. ಎರಡಕ್ಕೂ ಬೇರೆ ಬೇರೆ ನಿಯಮಗಳು. ದೇಶದೊಳಗಿನ ಮಾರಾಟಗಾರರಿಂದ ಬಿಲ್ ಸಮೇತ ಕೊಳ್ಳಿ. ಸ್ವಲ್ಪ ಹೆಚ್ಚು ಬಿದ್ದರೂ ಬಿಡಿಭಾಗ ಕೇಳಲು ಒಂದು ಬಾಗಿಲು ಇರುತ್ತದೆ.

ಬಿಡಿಭಾಗದ ವಿಷಯದಲ್ಲಿ ಜಪಾನಿನ ತಮಿಯಾ ಕಂಪನಿಯನ್ನು ನೆನೆಯಲೇಬೇಕು. ಶಿಜುವೊಕಾ ಊರಿನ ಈ ಕಂಪನಿ 1984ರಲ್ಲಿ ಗ್ರಾಸ್‌ಹಾಪರ್ ಎಂಬ ಸರಳ ಬಗ್ಗಿಯನ್ನು ತಂದಿತು. 2005ರಲ್ಲಿ ಅದನ್ನೇ ಮತ್ತೆ ಬಿಡುಗಡೆ ಮಾಡಿತು. ಒಂದು ಕಾರನ್ನು ಅಷ್ಟು ಕಾಲ ಬದುಕಿಸುವವರು ಅದರ ಭಾಗಗಳನ್ನೂ ಮಾಡುತ್ತಲೇ ಇರುತ್ತಾರೆ. ತಮಿಯಾ ಬಗ್ಗಿಗಳು ಹೆಚ್ಚಾಗಿ ಕಿಟ್ ರೂಪದಲ್ಲಿ ಬರುತ್ತವೆ. ಪೆಟ್ಟಿಗೆ ತೆರೆದರೆ ಚೀಲ ಚೀಲ ಭಾಗಗಳು, ಒಂದು ಚಿತ್ರಪುಸ್ತಕ. ತಂದೆ ಮಗ ಕೂತು ಕಟ್ಟಿದರೆ ಪ್ರತಿ ಗೇರು ಎಲ್ಲಿದೆ, ಯಾಕಿದೆ ಎಂಬುದು ಕೈಗೇ ಗೊತ್ತಾಗುತ್ತದೆ, ಮುಂದೆ ರಿಪೇರಿಗೆ ಯಾರನ್ನೂ ಹುಡುಕಬೇಕಾಗಿಲ್ಲ. ನಾಲ್ಕು ಚಕ್ರವೂ ತಿರುಗುವ ಟಿಟಿ-02ಬಿ ನಿಮ್ಮಂಥವರಿಗೆ ಬಹಳ ಒಪ್ಪುವ ಕಿಟ್. ಅದರ ಗೇರ್‌ಬಾಕ್ಸ್‌ಗಳು ಮುಚ್ಚಿದ್ದು, ನಡುವೆ ಒಂದು ಶಾಫ್ಟ್ ಓಡುತ್ತದೆ. ಆದರೆ ಕಿಟ್‌ಗೆ ರಿಮೋಟ್, ಮುಂದಿನ ಚಕ್ರಗಳನ್ನು ಎಡ ಬಲ ತಿರುಗಿಸುವ ಸರ್ವೊ, ಬ್ಯಾಟರಿ, ಚಾರ್ಜರ್ ಎಲ್ಲವನ್ನೂ ಹೊರಗಿನಿಂದ ಕೂಡಿಸಬೇಕು. ಇಪ್ಪತ್ತು ಸಾವಿರದೊಳಗೆ ಅದನ್ನು ಹಿಡಿಸುವುದು ಕಷ್ಟ. ಬಜೆಟ್ ಹಿಗ್ಗಿಸಲು ಆಗುವುದಾದರೆ ನನ್ನ ಮೊದಲ ಮತ ಕಿಟ್‌ಗೇ. ಆಗದಿದ್ದರೆ ಕಟ್ಟಿಯೇ ಬರುವ ಬಗ್ಗಿ ಕೊಂಡು, ಬಂದ ವಾರವೇ ಒಂದು ಬದಿಯ ಮುಂದಿನ ಸಸ್ಪೆನ್ಷನ್ ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿ. ಕಿಟ್ ಕಲಿಸುವುದರಲ್ಲಿ ಒಂದು ದೊಡ್ಡ ಪಾಲು ಅದರಿಂದಲೇ ಬರುತ್ತದೆ.

ಇನ್ನು ನೆಲದ ಮಾತು. ನಿಮ್ಮ ಕಡೆ ಸಿಗುವ ನೆಲ ಯಾವುದು? ಮನೆಯ ಮುಂದಿನ ಅಂಗಳ, ತೋಟದ ದಾರಿ, ಶಾಲೆಯ ಮೈದಾನ, ಕೊಯ್ಲಾದ ಗದ್ದೆ, ಊರ ಹೊರಗಿನ ಬ್ಯಾಣ. ಅಂಗಳವೋ ಕೊನೆ ಕೊಯ್ಲು ಶುರುವಾದ ಮೇಲೆ ನಿಮ್ಮದಲ್ಲ, ಬೇಯಿಸಿದ ಅಡಿಕೆಯದು. ತೋಟದ ದಾರಿಯ ಮೇಲೆ ದರಗು, ಸೋಗೆಯ ಚೂರು. ಗದ್ದೆಯಲ್ಲಿ ಕೂಳೆ. ಇಂಥ ಕಡೆ ತೀರ ಸಣ್ಣ ಬಗ್ಗಿ, ಅಂದರೆ ನಿಜವಾದ ಕಾರಿನ ಹದಿನೆಂಟನೇ ಒಂದು ಭಾಗದ ಅಳತೆಯದ್ದು, ಹೆಜ್ಜೆಗೊಂದು ಸಲ ಹೊಟ್ಟೆ ತಗುಲಿ ನಿಲ್ಲುತ್ತದೆ. ಹತ್ತನೇ ಒಂದು ಅಳತೆಯದ್ದು ಎಲ್ಲಕ್ಕೂ ಚೆನ್ನ. ನಿಮ್ಮ ಬಜೆಟ್ಟಿಗೆ ಅದು ಸಿಗದಿದ್ದರೆ ಹನ್ನೆರಡನೇ ಅಥವಾ ಹದಿನಾಲ್ಕನೇ ಒಂದು ಅಳತೆಗೆ ಇಳಿಯಬಹುದು, ಅದಕ್ಕಿಂತ ಕೆಳಗೆ ಬೇಡ.

ನಾಲ್ಕು ಚಕ್ರವೂ ತಿರುಗುವುದನ್ನೇ ಕೊಳ್ಳಿ, ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಹಿಂದಿನ ಎರಡೇ ಚಕ್ರ ತಿರುಗುವ ಬಗ್ಗಿ ಹಗುರ, ಭಾಗ ಕಡಿಮೆ, ಓಡಿಸುವ ಕಲೆಯನ್ನು ಚೆನ್ನಾಗಿ ಕಲಿಸುತ್ತದೆ ಎಂದು ಅನುಭವಿಗಳು ಹೇಳುವುದು ಸರಿಯೇ. ಆದರೆ ಅದು ಒಣ, ಗಟ್ಟಿ ನೆಲಕ್ಕೆ ಸಲ್ಲುವ ಮಾತು. ಮಳೆ ನಿಂತ ಮೇಲೆ ಜಂಬಿಟ್ಟಿಗೆ ಮಣ್ಣಿನ ಮೇಲೆ ಒಂದು ತೆಳು ಜಾರುಪದರ ಉಳಿಯುತ್ತದೆ, ಅಂಗಳದ ಅಂಚಿನಲ್ಲಿ ಪಾಚಿ ಕಟ್ಟಿರುತ್ತದೆ. ಅಲ್ಲಿ ಎರಡು ಚಕ್ರದ್ದು ರಿಮೋಟಿನ ಟ್ರಿಗರ್ ಎಳೆದ ಕೂಡಲೇ ಬಾಲ ತಿರುಗಿಸಿ ನಿಲ್ಲುತ್ತದೆ. ಹೊಸಬನಿಗೆ ತಪ್ಪು ತನ್ನ ಕೈಯದೋ ನೆಲದ್ದೋ ತಿಳಿಯುವುದೇ ಇಲ್ಲ.

ಈಗ ಆ 60 ಕಿ.ಮೀ. ಲೆಕ್ಕ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಹದಿನಾರು ಮೀಟರಿಗೂ ಹೆಚ್ಚು. ನಿಮ್ಮ ಅಂಗಳ ಇಪ್ಪತ್ತು ಮೀಟರ್ ಉದ್ದವಿದ್ದರೆ ಬಗ್ಗಿ ಅದನ್ನು ಒಂದೂಕಾಲು ಸೆಕೆಂಡಿನಲ್ಲಿ ದಾಟಿ ಅಂಚಿನ ಮಣ್ಣಿನ ಧರೆಗೆ ಹೊಡೆದಿರುತ್ತದೆ. ವೇಗ ಎರಡರಷ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕರಷ್ಟಾಗುತ್ತದೆ ಎಂಬುದನ್ನು ಮಗ ಮುಂದೆ ಭೌತಶಾಸ್ತ್ರದಲ್ಲಿ ಓದುತ್ತಾನೆ. ಬಗ್ಗಿ ಇದ್ದರೆ ಈಗಲೇ ಕಾಣುತ್ತಾನೆ. ಜಾಹೀರಾತಿನ ಆ ಅಂಕಿ ಹೊಸ ಬ್ಯಾಟರಿ, ನುಣುಪು ರಸ್ತೆ, ಉದ್ದನೆಯ ಓಟ ಇದ್ದಾಗಿನದ್ದು. ಹೊಸಬರಿಗೆ ಗಂಟೆಗೆ ಇಪ್ಪತ್ತೈದು ಕಿ.ಮೀ. ಬಹಳವಾಯಿತು. ಆದ್ದರಿಂದ ಹೆಚ್ಚು ವೇಗದ ಬ್ರಷ್‌ಲೆಸ್ ಮೋಟಾರಿನ ಆಸೆ ಸದ್ಯಕ್ಕೆ ಬಿಡಿ. 540 ಅಥವಾ 550 ಅಳತೆಯ ಬ್ರಷ್ ಮೋಟಾರು ಅಗ್ಗ, ಮೆಲ್ಲಗೆ ಹೊರಡುತ್ತದೆ, ಸುಟ್ಟರೆ ಕೆಲವು ನೂರು ರೂಪಾಯಿಗಳಲ್ಲಿ ಇನ್ನೊಂದು ಬರುತ್ತದೆ.

ಹೆಸರು ಹೇಳಿ ಎಂದು ನೀವು ಕೇಳಿಯೇ ಕೇಳುತ್ತೀರಿ. ಡಬ್ಲ್ಯುಎಲ್‌ಟಾಯ್ಸ್‌ನ 144001 ಎಂಬ ಬಗ್ಗಿ ಹೊಸಬರಲ್ಲಿ ಬಹಳ ಓಡಾಡುತ್ತಿದೆ. ಹದಿನಾಲ್ಕನೇ ಒಂದು ಅಳತೆ, ನಾಲ್ಕು ಚಕ್ರದ ಚಾಲನೆ, ಲೋಹದ ಚಾಸಿ, 550 ಬ್ರಷ್ ಮೋಟಾರು, 7.4 ವೋಲ್ಟ್‌ನ 1500 ಎಂಎಎಚ್ ಬ್ಯಾಟರಿ. ಭಾಗಗಳು ದಾಸ್ತಾನಿನಲ್ಲಿ ಇದ್ದರೆ, ನಿಮ್ಮ ಬಜೆಟ್ಟಿಗೆ ಅದು ಸರಿಯಾದ ಆಯ್ಕೆ. ಟ್ರಾಕ್ಸಾಸ್, ಅರ್ಮಾ ಕಂಪನಿಗಳವು ಇನ್ನೂ ಗಟ್ಟಿ. ಆದರೆ ಅವುಗಳಲ್ಲಿ ಹತ್ತನೇ ಒಂದು ಅಳತೆಯವು ನೀವು ಹೇಳಿದ ಹಣಕ್ಕೆ ಇಲ್ಲಿ ಸಿಗುವುದು ಕಷ್ಟ. ಯಾವುದನ್ನೇ ಕೊಂಡರೂ ಕಾರಿಗೆ ಹತ್ತು ಹನ್ನೆರಡು ಸಾವಿರಕ್ಕಿಂತ ಹೆಚ್ಚು ಹಾಕಬೇಡಿ. ಉಳಿದ ಹಣಕ್ಕೆ ಕೆಲಸವಿದೆ: ಎರಡನೇ ಬ್ಯಾಟರಿ, ಸರಿಯಾದ ಚಾರ್ಜರ್, 1.5, 2 ಮತ್ತು 2.5 ಮಿ.ಮೀ. ಹೆಕ್ಸ್ ಡ್ರೈವರುಗಳು, ಬಿಡಿಭಾಗ, ಆಮೇಲೆ ರಿಮೋಟ್.

ಕಾರು ಬದಲಾಗುತ್ತದೆ, ರಿಮೋಟ್ ಉಳಿಯುತ್ತದೆ. ಒಳ್ಳೆಯ ಟ್ರಾನ್ಸ್‌ಮಿಟರ್ ಒಂದನ್ನು ಕೊಂಡರೆ ಮುಂದೆ ಬರುವ ಪ್ರತಿ ಕಾರಿಗೂ ಅದೇ ನಡೆಯುತ್ತದೆ. ಹತ್ತಾರು ಕಾರುಗಳ ಹೊಂದಾಣಿಕೆಯನ್ನು ಅದು ಬೇರೆ ಬೇರೆಯಾಗಿ ನೆನಪಿಡುತ್ತದೆ, ರಿಮೋಟಿನ ಸಂಕೇತ ಹಿಡಿಯುವ ರಿಸೀವರ್ ಕಾರಿಗೊಂದು ಕೊಂಡರೆ ಸಾಕು. ಆದರೆ ಮೊದಲ ದಿನವೇ ಬೇರೆ ರಿಮೋಟ್ ಕೊಳ್ಳಲೇಬೇಕೆಂದಿಲ್ಲ. ಮೊದಲು ಕಾರಿನೊಳಗೆ ಏನಿದೆ ನೋಡಿ. ಅಗ್ಗದ ಬಗ್ಗಿಗಳಲ್ಲಿ ರಿಸೀವರ್ ಮತ್ತು ಮೋಟಾರಿಗೆ ವಿದ್ಯುತ್ ಹರಿಸುವ ಇಎಸ್‌ಸಿ ಎರಡೂ ಒಂದೇ ಹಲಗೆಯ ಮೇಲಿರುತ್ತವೆ, 144001ರಲ್ಲೂ ಹಾಗೆಯೇ. ಅಂಥದ್ದಕ್ಕೆ ಬೇರೆ ರಿಮೋಟ್ ಹಾಕಬೇಕೆಂದರೆ ಇಎಸ್‌ಸಿಯನ್ನೂ ಬದಲಿಸಬೇಕು. ಹಾಬಿವಿಂಗ್‌ನ ಕ್ವಿಕ್‌ರನ್ 1060 ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು: ಬ್ರಷ್ ಮೋಟಾರಿಗೆ, ನೀರು ತಡೆಯುವಂಥದ್ದು, ಬ್ಯಾಟರಿ ಯಾವ ಬಗೆಯದೆಂದು ಒಂದು ಸಣ್ಣ ಜಂಪರ್ ಚುಚ್ಚಿ ತಿಳಿಸಿದರೆ ಆಯಿತು. ಹಾಗೆಯೇ ಸ್ಟೀರಿಂಗ್ ಸರ್ವೊವಿನ ತಂತಿ ಎಣಿಸಿ. ಮೂರು ಎಳೆ ಇದ್ದರೆ ಅದೇ ಸರ್ವೊ ಮುಂದುವರಿಯುತ್ತದೆ. ಐದು ಇದ್ದರೆ ಅದನ್ನೂ ಬದಲಿಸಬೇಕಾಗುತ್ತದೆ, ಖರ್ಚು ಏರುತ್ತದೆ. ಹೀಗಾಗಿ ನನ್ನ ಸಲಹೆ: ಜೊತೆಗೆ ಬಂದ ರಿಮೋಟಿನಲ್ಲೇ ಒಂದು ಮಳೆಗಾಲ ಕಳೆಯಿರಿ, ಮಗನ ಆಸಕ್ತಿ ಉಳಿದರೆ ಮುಂದಿನ ಬೇಸಿಗೆಗೆ ರಿಮೋಟ್ ಮತ್ತು ಇಎಸ್‌ಸಿ ಒಟ್ಟಿಗೆ ತನ್ನಿ. ಕಿಟ್ ಕೊಂಡರೆ ಮಾತ್ರ ಮೊದಲ ದಿನವೇ ಒಳ್ಳೆಯದನ್ನು ಕೊಳ್ಳಿ.

ಬೇರೆ ರಿಮೋಟ್ ಕೊಳ್ಳುವಾಗ ಪಿಸ್ತೂಲಿನ ಆಕಾರದ್ದನ್ನೇ ಆರಿಸಿ. ತೋರುಬೆರಳಿನ ಟ್ರಿಗರ್ ಎಳೆದರೆ ಕಾರು ಮುಂದೆ, ತಳ್ಳಿದರೆ ಬ್ರೇಕು. ಪಕ್ಕದಲ್ಲಿ ಸ್ಟೀರಿಂಗ್ ಚಕ್ರ. ಹಳೆಯ 27 ಮೆಗಾಹರ್ಟ್ಸ್‌ನವುಗಳಲ್ಲಿ ಪಕ್ಕದ ಮನೆಯವರದೂ ಅದೇ ಆವರ್ತನವಾಗಿದ್ದರೆ ಎರಡೂ ಕಾರು ಹುಚ್ಚು ಹಿಡಿದಂತೆ ಆಡುತ್ತಿದ್ದವು. ಈಗಿನ 2.4 ಗಿಗಾಹರ್ಟ್ಸ್‌ನಲ್ಲಿ ರಿಮೋಟ್ ತನ್ನ ರಿಸೀವರನ್ನು ಗುರುತಿಟ್ಟುಕೊಂಡಿರುತ್ತದೆ, ಆ ತೊಂದರೆ ಇಲ್ಲ. ಓಡಿಸುವವರಿಗೆ ಪರವಾನಗಿಯೂ ಬೇಡ. ಫ್ಲೈಸ್ಕೈ ಜಿಟಿ5, ಡಂಬೊಆರ್‌ಸಿ ಎಕ್ಸ್6, ರೇಡಿಯೋಲಿಂಕ್ ಆರ್‌ಸಿ4ಜಿಎಸ್, ಇವು ಹೊಸಬರ ಕೈಗೆ ಎಟುಕುವಂಥವು. ಮೂರರಲ್ಲಿ ಯಾವುದಕ್ಕೆ ಹೆಚ್ಚುವರಿ ರಿಸೀವರ್ ಸುಲಭವಾಗಿ ಸಿಗುತ್ತದೋ ಅದನ್ನು ತೆಗೆದುಕೊಳ್ಳಿ.

ಡಬ್ಬದ ಮೇಲೆ ಎಷ್ಟು ಚಾನೆಲ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಬಗ್ಗಿಗೆ ಎರಡೇ ಚಾನೆಲ್ ಸಾಕು, ಒಂದು ಸ್ಟೀರಿಂಗಿಗೆ, ಒಂದು ವೇಗಕ್ಕೆ. ನೋಡಬೇಕಾದದ್ದು ಬೇರೆ ಮೂರು ಸಂಗತಿ. ಮೊದಲನೆಯದು ಫೇಲ್‌ಸೇಫ್: ರಿಮೋಟಿನ ಸಂಕೇತ ತಪ್ಪಿದರೆ ಕಾರು ತಾನಾಗಿ ನಿಲ್ಲುವ ವ್ಯವಸ್ಥೆ. ಇದು ಇದೆ ಎಂದು ಬರೆದಿದ್ದರೆ ಸಾಲದು, ಪರೀಕ್ಷಿಸಲೇಬೇಕು. ಬಗ್ಗಿಯನ್ನು ಒಂದು ಇಟ್ಟಿಗೆಯ ಮೇಲೆ, ನಾಲ್ಕು ಚಕ್ರವೂ ಗಾಳಿಯಲ್ಲಿರುವಂತೆ ಕೂರಿಸಿ. ಟ್ರಿಗರನ್ನು ಸ್ವಲ್ಪವೇ ಎಳೆದು ಚಕ್ರ ನಿಧಾನವಾಗಿ ತಿರುಗುವಂತೆ ಮಾಡಿ. ಟ್ರಿಗರ್ ಬಿಡದೆಯೇ ರಿಮೋಟಿನ ಸ್ವಿಚ್ ಆರಿಸಿ. ಚಕ್ರ ನಿಂತರೆ ಸರಿ. ತಿರುಗುತ್ತಲೇ ಇದ್ದರೆ ಫೇಲ್‌ಸೇಫ್ ಹೊಂದಿಸುವವರೆಗೆ ಆ ಕಾರನ್ನು ನೆಲಕ್ಕೆ ಇಳಿಸಬೇಡಿ. ಈ ಪರೀಕ್ಷೆ ಜೊತೆಗೆ ಬಂದ ರಿಮೋಟಿಗೂ ಅನ್ವಯಿಸುತ್ತದೆ. ಓಡಿಸುವಾಗ ಪ್ರತಿ ಸಲವೂ ಮೊದಲು ರಿಮೋಟ್ ಹಾಕಿ, ಆಮೇಲೆ ಕಾರು. ಮುಗಿಸುವಾಗ ಮೊದಲು ಕಾರು ಆರಿಸಿ, ಆಮೇಲೆ ರಿಮೋಟ್. ಇದನ್ನು ಮಗನಿಗೆ ಅಭ್ಯಾಸವಾಗುವವರೆಗೂ ಬಿಡದೆ ಹೇಳಿ.

ಎರಡನೆಯದು ಕೊನೆಯ ಮಿತಿಯ ಹೊಂದಾಣಿಕೆ. ಮೆನುವಿನಲ್ಲಿ ಇಪಿಎ ಎಂದಿರುತ್ತದೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಹಿಡಿದಾಗ ಸರ್ವೊದಿಂದ ಝುಂಯ್ ಎಂಬ ಸದ್ದು ಬರುತ್ತಲೇ ಇದ್ದರೆ, ಚಕ್ರ ತನ್ನ ಮಿತಿ ಮುಟ್ಟಿದ ಮೇಲೂ ಸರ್ವೊ ತಳ್ಳುತ್ತಲೇ ಇದೆ ಎಂದರ್ಥ. ಹಾಗೇ ಬಿಟ್ಟರೆ ಬಿಸಿಯಾಗಿ ಸುಡುತ್ತದೆ. ಆ ಕಡೆಯ ಮಿತಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಂದರೆ ಒಂದು ಹಂತದಲ್ಲಿ ಸದ್ದು ನಿಲ್ಲುತ್ತದೆ. ಅಲ್ಲಿಗೇ ಬಿಡಿ. ಮೂರನೆಯದು, ಇದೇ ಮಿತಿಯನ್ನು ಟ್ರಿಗರಿಗೂ ಹಾಕುವ ಸೌಲಭ್ಯ. ಮೊದಲ ಕೆಲವು ವಾರ ಮುಂದಿನ ವೇಗವನ್ನು ಶೇಕಡಾ ಐವತ್ತಕ್ಕೆ ಕಟ್ಟಿಹಾಕಿ. 60 ಕಿ.ಮೀ. ಬೇಕೆಂದು ಹಟ ಹಿಡಿದವನಿಗೂ ಇದರಿಂದ ಸಮಾಧಾನ: ವೇಗ ಕಾರಿನಲ್ಲೇ ಇದೆ, ಕೈ ಪಳಗಿದಂತೆ ಬಿಡುಗಡೆಯಾಗುತ್ತದೆ.

ಇಂಥ ರಿಮೋಟುಗಳ ಕೆಲವು ರಿಸೀವರುಗಳಲ್ಲಿ ಗೈರೊ ಇರುತ್ತದೆ. ಬಾಲ ಜಾರಿದಾಗ ತಾನೇ ಎದುರು ದಿಕ್ಕಿಗೆ ಸ್ಟೀರಿಂಗ್ ತಿರುಗಿಸಿ ಕಾರನ್ನು ನೇರ ಮಾಡುತ್ತದೆ. ಕಲಿಯುವಾಗ ಅದನ್ನು ಆಫ್ ಮಾಡಿಡಿ, ಜಾರಿದ್ದನ್ನು ಹಿಡಿಯುವುದು ಮಗನ ಕೈಗೇ ಬರಲಿ. ಮುಂದೆ ಬಳಸುವುದಾದರೆ ದಿಕ್ಕು ಸರಿಯಿದೆಯೇ ನೋಡಿಕೊಳ್ಳಿ. ಕಾರನ್ನು ಕೈಯಲ್ಲಿ ಹಿಡಿದು ಮೂತಿಯನ್ನು ಥಟ್ಟನೆ ಬಲಕ್ಕೆ ತಿರುಗಿಸಿದರೆ ಮುಂದಿನ ಚಕ್ರಗಳು ಎಡಕ್ಕೆ ವಾಲಬೇಕು. ಬಲಕ್ಕೇ ವಾಲಿದರೆ ಗೈರೊ ಉಲ್ಟಾ ಇದೆ, ಕಾರು ನೆಲದ ಮೇಲೆ ಗಿರಗಿರನೆ ಸುತ್ತುತ್ತದೆ.

ಎಡಚನಾಗಿರುವುದು ತೊಂದರೆಯೇನಲ್ಲ. ಬಹುತೇಕ ರಿಮೋಟುಗಳಲ್ಲಿ ಟ್ರಿಗರ್ ಎಡಗೈಗೆ, ಸ್ಟೀರಿಂಗ್ ಬಲಗೈಗೆ. ಮೊದಲಿನಿಂದ ಹಾಗೇ ಹಿಡಿದು ಕಲಿತ ಎಡಚ ಮಕ್ಕಳು ಸಲೀಸಾಗಿ ಓಡಿಸುತ್ತಾರೆ. ಟ್ರಿಗರಿನ ಸೂಕ್ಷ್ಮ ಕೆಲಸ ಅವರಿಗೆ ಪಳಗಿದ ಕೈಗೇ ಬರುತ್ತದೆ. ಸ್ಟೀರಿಂಗನ್ನು ಇನ್ನೊಂದು ಬದಿಗೆ ಕೂರಿಸಬಹುದಾದ ರಿಮೋಟುಗಳೂ ಇವೆ, ಆದರೆ ಅವು ಮೇಲ್ದರ್ಜೆಯವು. ಅದಕ್ಕಾಗಿ ಹಣ ಸುರಿಯಬೇಡಿ.

ಮಳೆಯ ಪ್ರಶ್ನೆಗೆ ನೇರ ಉತ್ತರ: ಓಡಿಸಬಹುದು, ಆದರೆ ಬೆಲೆ ತೆರಬೇಕು. ‘ವಾಟರ್‌ಪ್ರೂಫ್’ ಎಂದು ಬರೆದದ್ದು ಇಎಸ್‌ಸಿಗೆ, ಹೆಚ್ಚೆಂದರೆ ಸರ್ವೊ ಮತ್ತು ರಿಸೀವರಿಗೆ. ಬೇರಿಂಗಿಗೆ ಆ ಮಾತು ಅನ್ವಯಿಸುವುದಿಲ್ಲ, ನಿಮ್ಮ ಕೈಯಲ್ಲಿರುವ ರಿಮೋಟಿಗಂತೂ ಇಲ್ಲವೇ ಇಲ್ಲ. ಒದ್ದೆಯಲ್ಲಿ ಓಡಿಸಿದ ದಿನ ಹೊರಗಿನ ಕೆಸರನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ, ಚಕ್ರ ಕಳಚಿ ಒರೆಸಿ, ಪ್ರತಿ ಬೇರಿಂಗಿಗೆ ಒಂದೊಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಬಿಡಿ. ನಮ್ಮ ಮಳೆಗಾಲದ ಗಾಳಿಯಲ್ಲಿ ಬೇರಿಂಗ್ ಒಂದೇ ರಾತ್ರಿಗೆ ತುಕ್ಕು ಹಿಡಿದು ಗಡುಸಾಗುತ್ತದೆ, ಆದ್ದರಿಂದ ನಾಳೆಗೆಂದು ಇಡಬೇಡಿ. ಹಾಳಾದರೂ ಹೆದರಬೇಕಾಗಿಲ್ಲ, ಬೇರಿಂಗುಗಳು ಅಳತೆಯ ಮೇಲೆ ಸಿಗುತ್ತವೆ. ತಮಿಯಾ ಕಾರುಗಳ 1150 ಎಂಬ ಬೇರಿಂಗ್ ಎಂದರೆ ಒಳವ್ಯಾಸ 5, ಹೊರವ್ಯಾಸ 11, ದಪ್ಪ 4 ಮಿ.ಮೀ. ಶಿವಮೊಗ್ಗದ ಬೇರಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ಕೇಳಿ ನೋಡಿ, ಇಲ್ಲದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರ ಕೈಯಲ್ಲಿ ತರಿಸಿ.

ಮಳೆಗಿಂತ ನನಗೆ ಹೆಚ್ಚು ಭಯ ಎರಡು ವಸ್ತುಗಳ ಮೇಲೆ. ಒಂದು, ಅಡಿಕೆ ಸಿಪ್ಪೆಯ ನಾರು. ಸುಲಿದ ಜಾಗದ ಹತ್ತಿರ ಓಡಿಸಿದರೆ ಅದು ಚಕ್ರದ ಅಚ್ಚಿಗೆ ದಾರದ ಹಾಗೆ ಸುತ್ತಿಕೊಂಡು, ಬಿಗಿಯಾಗುತ್ತಾ ಹೋಗಿ, ಬೇರಿಂಗಿನ ರಬ್ಬರ್ ಮುಚ್ಚಳವನ್ನು ಹರಿದು ಒಳನುಗ್ಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಕಾರು ಮಂದವಾಗುತ್ತದೆ, ಮೋಟಾರು ಬಿಸಿಯಾಗುತ್ತದೆ, ಅಷ್ಟೆ. ವಾರಕ್ಕೊಮ್ಮೆ ನಾಲ್ಕೂ ಚಕ್ರ ಬಿಚ್ಚಿ ಚೂಪಾದ ಬ್ಲೇಡಿನಿಂದ ನಾರು ಕತ್ತರಿಸಿ ತೆಗೆಯಿರಿ. ಇನ್ನೊಂದು, ಬೇಸಿಗೆಯಲ್ಲಿ ತುಂಗೆಯ ಅಂಚಿನ ಮರಳು. ಓಡಿಸಲು ಮನಸ್ಸಾಗುತ್ತದೆ, ಆದರೆ ಸಣ್ಣ ಮರಳು ಮೋಟಾರಿನ ಗಾಳಿಕಿಂಡಿಯಿಂದಲೂ ಗೇರ್‌ಬಾಕ್ಸಿನ ಸಂದಿನಿಂದಲೂ ಒಳಗೆ ಹೋಗಿ ಎಲ್ಲವನ್ನೂ ತೇಯುತ್ತದೆ.

ಬ್ಯಾಟರಿಯ ವಿಷಯದಲ್ಲಿ ಸ್ವಲ್ಪವೂ ಸಡಿಲ ಬಿಡಬೇಡಿ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ಒಂದೊಂದು ಸೆಲ್ ತುಂಬಿದಾಗ 4.2 ವೋಲ್ಟ್; ಎರಡು ಸೆಲ್‌ನದ್ದಾದರೆ 8.4. ಸೆಲ್ 3 ವೋಲ್ಟ್‌ಗಿಂತ ಕೆಳಗಿಳಿದರೆ ಕೆಡುತ್ತದೆ. ಕಾರು ಮಂದವಾದ ಕೂಡಲೇ ನಿಲ್ಲಿಸಬೇಕು, ಇನ್ನೊಂದು ಸುತ್ತು ಎನ್ನಬಾರದು. ಇಎಸ್‌ಸಿಯಲ್ಲಿ ಬ್ಯಾಟರಿಯ ಬಗೆ ಲಿಪೋ ಎಂದೇ ಹೊಂದಿಸಿದೆಯೇ ನೋಡಿ. ಆಗ ವೋಲ್ಟೇಜ್ ಇಳಿದಾಗ ಇಎಸ್‌ಸಿಯೇ ಶಕ್ತಿ ಕಡಿತ ಮಾಡುತ್ತದೆ. ಡಬ್ಬದಲ್ಲಿ ಬರುವ ಯುಎಸ್‌ಬಿ ಚಾರ್ಜರ್ ಬಹಳ ನಿಧಾನ, ವೋಲ್ಟೇಜನ್ನೂ ತೋರಿಸುವುದಿಲ್ಲ. ಪ್ರತಿ ಸೆಲ್ಲಿನ ವೋಲ್ಟೇಜ್ ತೋರಿಸಿ ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್ ಕೊಳ್ಳಿ, 1500 ಎಂಎಎಚ್ ಬ್ಯಾಟರಿಗೆ 1.5 ಆಂಪಿಯರ್‌ಗಿಂತ ಹೆಚ್ಚು ಇಡಬೇಡಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಓಡಿಸದಿದ್ದರೆ ಸೆಲ್ಲಿಗೆ 3.8 ವೋಲ್ಟ್ ಇರುವಂತೆ ಮಾಡಿ ಎತ್ತಿಡಿ. ಚಾರ್ಜರಿನಲ್ಲಿ ಅದಕ್ಕೆಂದೇ ಒಂದು ಆಯ್ಕೆ ಇರುತ್ತದೆ.

ಚಾರ್ಜ್ ಮಾಡುವ ಜಾಗವನ್ನು ನೀವೇ ನಿಗದಿ ಮಾಡಿ. ಮಲೆನಾಡಿನ ಮನೆಗಳಲ್ಲಿ ಅಟ್ಟ, ಅಡಿಕೆ ಚೀಲ, ಸೌದೆ, ಹುಲ್ಲು ಎಲ್ಲವೂ ಹತ್ತಿರ ಹತ್ತಿರ. ಲಿಪೋ ಹೊತ್ತಿಕೊಂಡರೆ ನೀರು ಹೊಯ್ದು ಸುಲಭವಾಗಿ ಆರಿಸುವಂಥದ್ದಲ್ಲ. ಸಿಮೆಂಟ್ ನೆಲದ ಮೇಲೆ, ಸುತ್ತ ಏನೂ ಇಲ್ಲದ ಕಡೆ, ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿಟ್ಟು, ಮನೆಯಲ್ಲಿ ದೊಡ್ಡವರು ಎಚ್ಚರವಿದ್ದಾಗ ಮಾತ್ರ ಚಾರ್ಜ್ ಮಾಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಬೇಡಿ, ಚುಚ್ಚಬೇಡಿ, ಒಲೆಗೆ ಎಸೆಯಬೇಡಿ. ಇ-ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಿ. ಇಷ್ಟು ಎಚ್ಚರ ವಹಿಸುವುದು ಕಷ್ಟ ಎನಿಸಿದರೆ ಮೊದಲ ವರ್ಷ 7.2 ವೋಲ್ಟ್‌ನ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಹಾಕುವ ಹತ್ತನೇ ಒಂದು ಅಳತೆಯ ಬಗ್ಗಿಯನ್ನೇ ನೋಡಿ. ಅದು ಭಾರ, ಶಕ್ತಿ ಕಡಿಮೆ, ಆದರೆ ಒರಟು ಬಳಕೆಯನ್ನು ಹೆಚ್ಚು ತಾಳಿಕೊಳ್ಳುತ್ತದೆ.

ಓಡಿಸಲು ಕಲಿಯುವುದಕ್ಕೆ ಎರಡು ಅಡಿಕೆ ಹಾಳೆ ಸಾಕು. ಅಂಗಳದಲ್ಲಿ ಹತ್ತು ಹೆಜ್ಜೆ ಅಂತರದಲ್ಲಿಟ್ಟು ಅವುಗಳ ಸುತ್ತ ಇಂಗ್ಲಿಷಿನ ಎಂಟರ ಆಕಾರದಲ್ಲಿ ನಿಧಾನವಾಗಿ ಸುತ್ತಿಸಿ. ಕಾರು ನಿಮ್ಮ ಕಡೆಗೆ ಬರುವಾಗ ಎಡ ಬಲ ಅದಲು ಬದಲಾಗುತ್ತದೆ; ಎಲ್ಲ ಹೊಸಬರೂ ಎಡವುವುದು ಅಲ್ಲಿಯೇ. ಕಾರಿನೊಳಗೆ ತಾನೇ ಕುಳಿತಿದ್ದೇನೆ ಎಂದು ಭಾವಿಸಿ ತಿರುಗಿಸಲು ಮಗನಿಗೆ ಹೇಳಿ. ಡಾಂಬರು ರಸ್ತೆಗೆ ಮಾತ್ರ ಇಳಿಸಬೇಡಿ. ತಿರುವಿನಲ್ಲಿ ಬರುವ ಬೈಕ್ ಸವಾರನಿಗೆ ಈ ಪುಟ್ಟ ಕಾರು ಕಾಣುವುದಿಲ್ಲ.

ಹೊಸ ಕಾರಿನಲ್ಲೂ ಒಮ್ಮೆ ನೋಡಬೇಕಾದದ್ದು ಪಿನಿಯನ್ ಮತ್ತು ಸ್ಪರ್ ಗೇರಿನ ನಡುವಿನ ಸಂದು. ಮೋಟಾರಿನ ಸ್ಕ್ರೂ ಸಡಿಲಿಸಿ, ಎರಡು ಗೇರಿನ ಹಲ್ಲುಗಳ ನಡುವೆ ದಿನಪತ್ರಿಕೆಯ ಒಂದು ತೆಳು ಪಟ್ಟಿ ತೂರಿಸಿ, ಮೋಟಾರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿಮಾಡಿ. ಗೇರು ತಿರುಗಿಸಿ ಪಟ್ಟಿಯನ್ನು ಹೊರತೆಗೆದಾಗ ಅದು ಮಡಿಕೆ ಮಡಿಕೆಯಾಗಿ, ಹರಿಯದೆ ಬಂದರೆ ಸಂದು ಸರಿ. ಹರಿದು ಬಂದರೆ ಬಿಗಿ ಹೆಚ್ಚಾಯಿತು. ಕೈಯಲ್ಲಿ ಅಲುಗಾಡಿಸಿದಾಗ ಸ್ಪರ್ ಗೇರು ಟಕಟಕ ಎಂದರೆ ಸಡಿಲ ಹೆಚ್ಚಾಯಿತು. ಮೊದಲ ಜಿಗಿತಕ್ಕೇ ಹಲ್ಲು ಉದುರುತ್ತದೆ. ಲೋಹಕ್ಕೆ ಲೋಹ ಸೇರುವ ಸ್ಕ್ರೂಗಳಿಗೆ ಸಡಿಲವಾಗದಂತೆ ಹಿಡಿಯುವ ಅಂಟಾದ ಥ್ರೆಡ್ ಲಾಕ್ ಒಂದು ತೊಟ್ಟು ಹಾಕಿ, ಪ್ಲಾಸ್ಟಿಕ್ಕಿಗೆ ಹೋಗುವವಕ್ಕೆ ಹಾಕಬೇಡಿ.

ಒಂದು ವರ್ಷ ಓಡಿಸಿದ ಮೇಲೆ ಏನನ್ನಾದರೂ ಮೇಲ್ಮಟ್ಟಕ್ಕೆ ಏರಿಸುವುದಾದರೆ ಮೊದಲು ಬೇರಿಂಗ್, ಆಮೇಲೆ ಸರ್ವೊ, ಆಮೇಲೆ ಟೈರು. ಮೋಟಾರು ಕೊನೆಗೆ. ಅದನ್ನು ಬದಲಿಸುವ ದಿನ ಬಂದರೆ ಈಗಿನ ಪಿನಿಯನ್ ಮತ್ತು ಸ್ಪರ್ ಗೇರಿನ ಹಲ್ಲು ಎಣಿಸಿ, ಹತ್ತು ನಿಮಿಷ ಓಡಿಸಿದ ಮೇಲೆ ಮೋಟಾರನ್ನು ಬೆರಳಿನಿಂದ ಮುಟ್ಟಿ ಹಿಡಿದಿರಲು ಆಗುತ್ತದೆಯೇ ನೋಡಿ. ಈ ಎರಡನ್ನು ಬರೆದು ಕಳುಹಿಸಿದರೆ ಯಾವ ಮೋಟಾರು, ಎಷ್ಟು ಹಲ್ಲಿನ ಪಿನಿಯನ್ ಎಂದು ಹೇಳುತ್ತೇನೆ.